ಎಡಗಾಲಿನ ಬೂಟು

ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. "ನಮ್ಮವರನ್ನ ಹಳ್ಳದಿಂದ ಬಸ್ಸಿನ ದಾರಿವರೆಗೂ ಬೆನ್ನ ಮೇಲೆ ಹೊತ್ತು ತಂದಿರಿ, ಒಡಹುಟ್ಟಿದವರೂ ಇಷ್ಟು ಮಾಡಲ್ಲ" ಅಂತ ಬರೆದಿದ್ದೀರಿ. ಓದಿ, ಮಡಚಿ, ಅಂಗಡಿಯಲ್ಲಿ ಮೊಳೆ ಡಬ್ಬಿಯ ಕೆಳಗೆ ಇಟ್ಟಿದ್ದೀನಿ. ಇನ್ನೊಂದು ಸಲ ಓದೋಕೆ ಮುಖ ಇಲ್ಲ.

ಅವನಿಗೆ ನಡೆಯೋಕೇ ಬರಲ್ಲ ಅಂತ ಬೈಬೇಡಿ. ಬೇಸಿಗೆಯ ಹಳ್ಳ, ನೀರು ಪಾದ ಮುಳುಗುವಷ್ಟೂ ಇರಲಿಲ್ಲ. ಕಲ್ಲಿಂದ ಕಲ್ಲಿಗೆ ಕಾಲಿಡುವಾಗ ಬಲಗಾಲಿನ ಬೂಟಿನ ಅಟ್ಟೆ ಅರ್ಧ ಕಿತ್ತು ಬಂತು, ಬಿದ್ದ. ಹೋದ ತಿಂಗಳು ಆ ಅಟ್ಟೆ ಹಾಕಿಕೊಟ್ಟವನು ನಾನೇ. ಬೆಟ್ಟ ಹತ್ತೋ ಬೂಟಿಗೆ ಅಂಟು ಹಾಕಿದ ಮೇಲೆ ಸುತ್ತ ಹೊಲಿಗೆಯನ್ನೂ ಹಾಕಬೇಕು. ಅಂದು ಗಿರಾಕಿಗಳು ಜಾಸ್ತಿ ಇದ್ದರು. ಇವನು ನಮ್ಮವನೇ ತಾನೇ, ನಡೆಯುತ್ತೆ ಅಂತ ಬರೀ ಅಂಟು ಬಳಿದು ಕೊಟ್ಟುಬಿಟ್ಟೆ.

ಕಾಲು ಮುರಿದುಕೊಂಡು ಕೂತಿದ್ದರೂ ಅವನು, "ನಾನು ಎಮ್ಮೆ ಹಾಗೆ ಕಾಲು ಹಾಕ್ತೀನಿ, ನಿನ್ನ ಕೆಲಸ ಹಾಳು ಮಾಡಿದೆ, ಬೇಜಾರು ಮಾಡ್ಕೋಬೇಡ ಕಣೋ" ಅಂದ. ನಾನು ಹೌದು ಅನ್ನೋ ಹಾಗೆ ನಕ್ಕೆ. ಆಮೇಲೆ ಹೊತ್ತುಕೊಂಡೆ. ನಾನು ಹೊರದೆ ಇನ್ಯಾರು ಹೊರಬೇಕಿತ್ತು?

ಇದನ್ನ ಅವನಿಗೆ ಓದಿ ಹೇಳಿ. ಮೂರು ಸಲ ನೋಡೋಕೆ ಬಂದೆ, ಮೂರು ಸಲವೂ ಹವಾಮಾನದ ಮಾತಾಡಿ ಎದ್ದು ಬಂದೆ.

ಬಲಗಾಲಿನ ಬೂಟು ಇಲ್ಲೇ ಇದೆ, ಹೊಲಿದಾಯ್ತು. ಎಡಗಾಲಿನದು ನಿಮ್ಮ ಬಾಗಿಲ ಹಿಂದೆ ಇದೆ, ಮೊನ್ನೆ ನೋಡಿದೆ. ದಯವಿಟ್ಟು ಅದನ್ನೂ ಕಳಿಸಿಕೊಡಿ. ಅದಕ್ಕೂ ಹೊಲಿಗೆ ಹಾಕಿಲ್ಲ.

ಇಂತಿ,
ಬೂಟು ರಿಪೇರಿಯವನು