ಎರಡನೇ ಪೆಟ್ಟು

ಭೋಸರಿ, ಪುಣೆ
೨೦ ಮೇ ೨೦೦೪, ಗುರುವಾರ

ಭುವನೇಶ್ವರಿ,

ಕ್ಷೇಮ ಎಂದು ಬರೆದು ಹೊಡೆದುಹಾಕಿದೆ. ನಿನ್ನ ಮಣಿಕಟ್ಟು ಹೇಗಿದೆ ಎಂದು ಶುರು ಮಾಡೋಣವೆಂದರೆ, ಎಂಟು ತಿಂಗಳು ಕೇಳದೆ ಇದ್ದವನು ಈಗ ಕೇಳಿದ ಎಂದು ನೀನು ಕಾಗದವನ್ನು ಅಲ್ಲಿಗೇ ಮಡಚಿಡಬಹುದು. ಆದ್ದರಿಂದ ಮುಖ್ಯವಾದದ್ದನ್ನೇ ಮೊದಲು ಹೇಳುತ್ತೇನೆ. ಫೆಬ್ರವರಿಯಲ್ಲಿ ನೀನು ಕಳಿಸಿದ ಕ್ಯಾಸೆಟ್ಟನ್ನು ನಾನು ಕೇಳಿದ್ದು ಕಳೆದ ಗುರುವಾರ.

ಅಂಚೆಯವರ ತಪ್ಪಿಲ್ಲ. ಕ್ಯಾಸೆಟ್ ಹೊತ್ತಿಗೆ ಸರಿಯಾಗಿಯೇ ಬಂತು. ಲಕೋಟೆಯಲ್ಲಿ ಚೀಟಿ ಇರಲಿಲ್ಲ, ಗುಲಬರ್ಗಾದ ನಿನ್ನ ಶರಣಮ್ಮ ಅಕ್ಕನ ವಿಳಾಸ ಮಾತ್ರ ನಿನ್ನ ಅಕ್ಷರದಲ್ಲಿತ್ತು. ಅದೇ ಸಂಜೆ ಹೆಡ್‌ಫೋನ್ ಹಾಕಿಕೊಂಡು ಎರಡೂ ಬದಿ ಕೇಳಿದೆ. ಸುಯ್ ಎಂಬ ಟೇಪಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮಾತಾಡದವನಿಗೆ ಮಾತಿಲ್ಲದ ಕ್ಯಾಸೆಟ್ ಕಳಿಸಿದ್ದಾಳೆ ಎಂದುಕೊಂಡೆ. ನಿನ್ನ ಸ್ವಭಾವಕ್ಕೆ ಒಪ್ಪುವಂತಿತ್ತು. ಒಂದು ಗಳಿಗೆ ಮೆಚ್ಚಿಯೂ ಬಿಟ್ಟೆ. ಆಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಮೂರು ತಿಂಗಳು ಕಳೆದೆ. ನೀನು ಉತ್ತರಕ್ಕೆ ಕಾಯುತ್ತಿದ್ದೀಯೆಂದು ನನಗೆ ಗೊತ್ತಿರಲಿಲ್ಲ.

ಫೋನ್ ಮಾಡಬಹುದಿತ್ತು. ಅಕ್ಕನ ಮನೆಯ ನಂಬರು ಬಾಯಿಪಾಠ. ಆದರೆ ಫೋನಿನಲ್ಲಿ ನಾನು ಏನು ಎಂದು ಎರಡು ಸಲ ಕೇಳುತ್ತೇನೆ, ನೀನು ಸುಮ್ಮನಾಗುತ್ತೀ. ಬರೆಯುವುದೇ ಸರಿ ಎನಿಸಿತು. ಈಗ ಬರೆಯುತ್ತಿರುವಾಗ ಅದೂ ಸರಿಯೆನಿಸುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ. ಗುರುವಾರವಲ್ಲವೇ, ಕಾರ್ಖಾನೆಗೂ ರಜೆ, ಕರೆಂಟಿಗೂ ರಜೆ. ಫ್ಯಾನು ನಿಂತಿದೆ. ಕಾಗದ ಅಂಗೈಗೆ ಅಂಟುತ್ತದೆ.

ರಿಸೀವರಿನ, ಅಂದರೆ ನನ್ನ ಹಾಡಿನ ಪೆಟ್ಟಿಗೆಯ, ವಿಷಯ ಹೇಳದೆ ಕ್ಯಾಸೆಟ್ಟಿನ ವಿಷಯ ಹೇಳಲಾಗುವುದಿಲ್ಲ. ಅದು ನಿನಗೆ ಬೇಡದ ವಿಷಯ ಎಂದು ಗೊತ್ತು.

ತೊಂಬತ್ತೆಂಟರಲ್ಲಿ ಹಳೇ ಸಾಮಾನಿನ ಜುನಾ ಬಾಜಾರಿನಿಂದ ರಿಕ್ಷಾದಲ್ಲಿ ತಂದಾಗ ನೀನು ಬಾಗಿಲಲ್ಲೇ ನಿಂತು, ಫ್ರಿಜ್ಜು ತಂದಿರೇನು ಎಂದು ಕೇಳಿದ್ದೆ. ನಮ್ಮ ಮದುವೆಗಿಂತ ಹಳೆಯದಾದ ಜಪಾನಿನ ಸ್ಟೀರಿಯೊ. ಕಟ್ಟಿಗೆಯ ಮೈ, ರೇಡಿಯೋ ಮುಳ್ಳಿನ ಹಿಂದೆ ಹಸಿರು ಬೆಳಕು, ಪಕ್ಕದಲ್ಲಿ ಕ್ಯಾಸೆಟ್ ಹಾಕುವ ಗೂಡು, ಹದಿನೈದು ಕಿಲೋ ತೂಕ. ಅದರ ಸ್ಪೀಕರುಗಳನ್ನು ಮಾರುವವನು ಮೊದಲೇ ಬೇರೆಯವರಿಗೆ ಕೊಟ್ಟಿದ್ದ. ಉಳಿದದ್ದು ಮುಂದುಗಡೆಯ ಹೆಡ್‌ಫೋನಿನ ತೂತು. ಬುಧವಾರ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಹುಸೇನಪ್ಪ ಅದನ್ನು ನೋಡಿ ನಕ್ಕಿದ್ದ. “ಒಂದು ಲಗ್ನದ ಮನಿ ಪೂರಾ ಕೇಳೂವಂಥಾ ಮಷೀನ್ರಿ ಇದು. ನೀವು ಎರಡು ಕಿವಿಗೆ ಹಚ್ಚೀರಿ. ಮೊಳ ಮಲ್ಲಿಗಿ ತರಾಕ ಲಾರಿ ತೊಗೊಂಡು ಹೋದಂಗಾತು.” ಆದರೂ ಒಳಗೆಲ್ಲ ಸ್ವಚ್ಛ ಮಾಡಿಕೊಟ್ಟ. ಸ್ಪೀಕರಿಗೆ ಹೋಗಬೇಕಾದ ಬಲವೇ ಅಳತೆಗೆ ಇಳಿದು ಆ ತೂತಿಗೆ ಬರುತ್ತದೆ, ಅದಕ್ಕೇ ಸದ್ದು ಅಷ್ಟು ತುಂಬಿಕೊಂಡಿರುತ್ತದೆ ಎಂದು ವಿವರಿಸಿದ. ನನಗೆ ಬೇಕಾದದ್ದು ಅದೇ ಆಗಿತ್ತು. ಹಗಲೆಲ್ಲ ಕಾರ್ಖಾನೆಯ ಗ್ರೈಂಡರುಗಳ ಗದ್ದಲ, ಸಂಜೆ ತಲೆಯೊಳಗೆ ಒಂದು ಒಪ್ಪವಾದ ಕೋಣೆ.

ನೀನು ಒಮ್ಮೆ ಹೇಳಿದ್ದೆ: “ಇಷ್ಟು ದೊಡ್ಡ ಪೆಟ್ಟಿಗಿ, ಮನಿಯಾಗ ಒಂದ ಹಾಡು ಇಲ್ಲ. ಎಲ್ಲಾ ನಿಮ್ಮ ತಲ್ಯಾಗ. ನಾ ನಿಮ್ಮ ತಲಿ ನೋಡ್ಕೋತ ಕೂಡಬೇಕೇನು?” ನಾನು ನಕ್ಕಿದ್ದೆ. ಸ್ಪೀಕರ್ ಕೊಳ್ಳಬಹುದಿತ್ತು. ಕೊಳ್ಳಲಿಲ್ಲ.

ಎರಡು ಸಾವಿರದ ಒಂದರ ಹೊತ್ತಿಗೆ ಹಾಡೆಲ್ಲ ಬಲಕ್ಕೆ ಸರಿಯತೊಡಗಿದವು. ಹಾಡುವವಳು ಬಲಗಡೆ ಕೂತಳು. ತಬಲಾದವನೂ ಎದ್ದು ಅಲ್ಲಿಗೇ ಹೋದ. ಯಂತ್ರ ಕೆಟ್ಟಿದೆಯೆಂದು ಹುಸೇನಪ್ಪನ ಬಳಿ ಹೊತ್ತುಕೊಂಡು ಹೋದೆ. ಅವನು ಕೇಳಿ ನೋಡಿ, “ಮಷೀನ್ ಸರಿ ಅದ್ರಿ ಸಾಹೇಬ್ರ” ಎಂದ. ಬೇರೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಬಲಗಿವಿಯನ್ನು ಬೆರಳಿನಿಂದ ಮುಚ್ಚಿ ನೋಡಿದೆ. ಬಸ್ಸು ಸದ್ದಿಲ್ಲದೆ ಓಡುತ್ತಿತ್ತು. ಎದುರಿನ ಹೆಂಗಸು ಬಾಯಿ ತೆರೆದು ಮುಚ್ಚುತ್ತಿದ್ದಳು.

ಇದನ್ನು ನಾನು ನಿನಗೆ ಹೇಳಲಿಲ್ಲ. ಎಡಗಿವಿ ಹೋಗಿ ಮೂರು ವರ್ಷವಾಯಿತು, ಭುವನೇಶ್ವರಿ.

ಯಾಕೆ ಹೇಳಲಿಲ್ಲ ಎಂಬುದಕ್ಕೆ ನನ್ನ ಕೆಲಸವನ್ನು ಕಾರಣ ಮಾಡಬಹುದು. ಚಾಕಣದ ಕಾರ್ಖಾನೆಯಲ್ಲಿ ನಾನು ಕೂರುವುದು ಬಾರಿಸುವ ಮೇಜಿನಲ್ಲಿ. ಎರಕದ ಭಾಗಗಳು ಬರುತ್ತವೆ, ಒಂದೊಂದನ್ನೂ ಸಣ್ಣ ಸುತ್ತಿಗೆಯಿಂದ ಬಾರಿಸಬೇಕು. ಗಟ್ಟಿ ಇದ್ದದ್ದು ಗಂಟೆಯ ಹಾಗೆ ಉಲಿಯುತ್ತದೆ. ಒಳಗೆ ಬಿರುಕಿದ್ದದ್ದು ಬೊದ್ ಎನ್ನುತ್ತದೆ. ಕಲಿಸಿದವನು ಶಂಕ್ರೆಪ್ಪ, ಈಗಿಲ್ಲ. ಎರಡು ಸಲ ಬಾರಿಸಬೇಕೆಂಬುದು ಅವನ ನಿಯಮ. “ಮೊದಲನೇ ಪೆಟ್ಟು ಕೇಳಬ್ಯಾಡ. ಅದು ಕಿವಿ ಎಬ್ಬಸಾಕ ಅದ. ಎರಡನೇದು ಕೇಳಿ ನಿರ್ಧಾರ ಮಾಡು.” ಹದಿನೇಳು ವರ್ಷ ಹಾಗೇ ಮಾಡಿದೆ. ಕಿವಿ ಹೋಯಿತೆಂದರೆ ಆ ಮೇಜು ಹೋಯಿತು. ಆದರೆ ಇದು ಕಾರ್ಖಾನೆಗೆ ಹೇಳದೆ ಇದ್ದುದಕ್ಕೆ ಕಾರಣ. ಹೆಂಡತಿಗೆ ಹೇಳದೆ ಇದ್ದುದಕ್ಕೆ ಕಾರಣ ಹುಡುಕಿದೆ. ಸಿಕ್ಕಿಲ್ಲ. ಸಿಕ್ಕಿದ್ದು ಇಷ್ಟು: ಹೆಡ್‌ಫೋನ್ ಹಾಕಿಕೊಂಡವನನ್ನು ಯಾರೂ ಕಿವುಡ ಅನ್ನುವುದಿಲ್ಲ. ಅವನು ಏನೋ ಕೇಳುತ್ತಿದ್ದಾನೆ ಅನ್ನುತ್ತಾರೆ. ನೀನು ಅಡುಗೆಮನೆಯಿಂದ ಕೂಗಿದಾಗ ನಾನು ಓಗೊಡದಿದ್ದರೆ ಅದು ಸೊಕ್ಕು ಆಗುತ್ತಿತ್ತು, ದೋಷವಾಗುತ್ತಿರಲಿಲ್ಲ. ಸೊಕ್ಕಿನವನು ಅನಿಸಿಕೊಳ್ಳುವುದು ನನಗೆ ಹಗುರವೆನಿಸಿತು. ಬರಬರುತ್ತ ಕ್ಯಾಸೆಟ್ ಮುಗಿದ ಮೇಲೂ ಹೆಡ್‌ಫೋನ್ ತೆಗೆಯುತ್ತಿರಲಿಲ್ಲ.

ಈಗ ಕಳೆದ ಗುರುವಾರದ ವಿಷಯ. ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತಿತ್ತೆಂದು ರಿಸೀವರನ್ನು ಹುಸೇನಪ್ಪನ ಅಂಗಡಿಗೆ ಒಯ್ದೆ. ಅವನ ಗಲ್ಲಿಯಲ್ಲಿ ಕರೆಂಟ್ ಇತ್ತು. ಪರೀಕ್ಷೆಗೆ ಏನಾದರೂ ರೆಕಾರ್ಡ್ ಮಾಡಿ ನೋಡು ಎಂದು ನಿನ್ನ ಕ್ಯಾಸೆಟ್ಟನ್ನು ನಾನೇ ಕೊಟ್ಟೆ. ಖಾಲಿ ಇದೆ ಎಂದೆ. ಬೇಕೆಂದೇ ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗಿದ್ದೆ ಎಂಬುದನ್ನೂ ಬರೆದುಬಿಡುತ್ತೇನೆ. ಅದರ ಮೇಲೆ ಬೇರೆ ಏನಾದರೂ ತುಂಬಿದರೆ ಮನೆಯಲ್ಲಿ ಅದರ ಕಾಟ ತಪ್ಪುತ್ತದೆ ಅನ್ನಿಸಿತ್ತು.

ಹುಸೇನಪ್ಪ ಯಾವ ಕ್ಯಾಸೆಟ್ಟನ್ನೂ ಕೇಳದೆ ಅಳಿಸುವುದಿಲ್ಲ. ಹಿಂದೊಮ್ಮೆ ಯಾರದೋ ತೀರಿಕೊಂಡ ತಾಯಿಯ ದನಿ ಅಳಿಸಿಬಿಟ್ಟಿದ್ದನಂತೆ. ತಾನೇ ಹೆಡ್‌ಫೋನ್ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ನನ್ನನ್ನು ವಿಚಿತ್ರವಾಗಿ ನೋಡಿದ.

“ಖಾಲಿ ಅಂದ್ರಲ್ಲ ಸಾಹೇಬ್ರ? ಒಳಗ ಒಬ್ಬಾಕಿ ಹೆಣ್ಮಗಳು ಭಾಳ ಸಿಟ್ಟಿಲೆ ಮಾತಾಡ್ಲಿಕ್ಕತ್ತಾಳ.”

ಸಾಧ್ಯವೇ ಇಲ್ಲ ಎಂದೆ. ಕಿತ್ತು ನನ್ನ ತಲೆಗೆ ಹಾಕಿದ. ಸುಯ್ ಎಂಬ ಸದ್ದು. “ಏನೂ ಇಲ್ಲೋ” ಎಂದೆ. ಅವನು ನನ್ನ ಮುಖ ನೋಡಿದ, ಮೂರು ವರ್ಷದ ಹಿಂದೆ ನೋಡಿದ ಹಾಗೆಯೇ. ಹೆಡ್‌ಫೋನನ್ನು ಎತ್ತಿ, ಹಿಂದುಮುಂದು ಮಾಡಿ, ಎಡದ್ದನ್ನು ಬಲಗಿವಿಗೆ ಇಟ್ಟ. ನೀನು ಒಂದು ಮಾತಿನ ನಡುವೆ ಇದ್ದೆ. ನಾನು ಸ್ಟೂಲಿನ ಮೇಲೆ ಕೂತೆ.

ಅಕ್ಕನ ಮನೆಯ ಟೇಪ್‌ರೆಕಾರ್ಡರಿನ ಒಂದು ಬದಿ ಸತ್ತಿದೆ ಎಂದು ಹುಸೇನಪ್ಪ ಹೇಳಿದ. ನೀನು ಹೇಳಿದ್ದೆಲ್ಲ ಎಡಗಿವಿಗೆ ಹೋಗುವ ಬದಿಗೆ ಮಾತ್ರ ಇಳಿದಿದೆ. ನನ್ನ ರಿಸೀವರಿನಲ್ಲಿ ಮೋನೋ ಎಂಬ ಒಂದು ಬಟನ್ ಇದೆ. ಒತ್ತಿದರೆ ಎರಡೂ ಬದಿಯದು ಕೂಡಿ ಎರಡೂ ಕಿವಿಗೆ ಬರುತ್ತದೆ. “ಆರು ವರ್ಷ ಆತು, ಒಮ್ಮೆನೂ ಒತ್ತಿಲ್ಲೇನ್ರಿ?” ಎಂದು ಕೇಳಿದ. ಒತ್ತಿರಲಿಲ್ಲ. ಒಂದೇ ಕಿವಿಯವನಿಗೆಂದೇ ಮಾಡಿದಂಥ ಬಟನ್ ಅದು. ಒತ್ತಿದರೆ ಒಪ್ಪಿಕೊಂಡ ಹಾಗೆ ಎಂದು ಅದರ ಮೇಲಿನ ಧೂಳನ್ನು ಕೂಡ ನಾನು ಒರೆಸುತ್ತಿರಲಿಲ್ಲ.

ಚಹಾ ಹೇಳಿ ಬರುತ್ತೇನೆಂದು ಹೋದ ಹುಸೇನಪ್ಪ ಅರ್ಧ ತಾಸು ಬರಲಿಲ್ಲ. ಅವನು ಒಳ್ಳೆಯವನು.

ನಿನ್ನ ಮಾತನ್ನು ಇಲ್ಲಿ ಬರೆಯುತ್ತೇನೆ, ಕೇಳಿಸಿದೆ ಎಂದು ನಿನಗೆ ಖಾತ್ರಿಯಾಗಲಿ. “ಹೆಡ್‌ಫೋನಿನಾಗ ಬಂದದ್ದಷ್ಟ ಕೇಳತೀರಿ ನೀವು. ಅದಕ್ಕ ನಾನೂ ಅದರಾಗನ ಬಂದೀನಿ. ಈಗರೆ ಕೇಳ್ರಿ. ಆವತ್ತು ಗುರುವಾರ. ಕರೆಂಟ್ ಇದ್ದಿದ್ದಿಲ್ಲ. ನಿಮ್ಮ ಪೆಟ್ಟಿಗಿ ದೀಪ ಹತ್ತಿದ್ದಿಲ್ಲ, ನಾ ಬಚ್ಚಲಕ್ಕ ಹೋಗೂವಾಗ ನೋಡೀನಿ. ಅಲ್ಲಿ ಜಾರಿ ಬಿದ್ದು ನಿಮ್ಮನ್ನ ಒಮ್ಮೆ ಕರದೆ. ಎರಡನೇ ಸಲ ಕರೀಲಿಲ್ಲ. ಕರಿಯೂದಿಲ್ಲ ನಾ. ಕೇಳಿಸಿತ್ತೋ ಇಲ್ಲೋ, ಇಷ್ಟ ಹೇಳ್ರಿ. ಕೇಳಿಸಿದ್ದಿಲ್ಲ ಅಂದ್ರ ಬರತೀನಿ. ಕೇಳಿಸಿನೂ ಕುಂತಿದ್ರ ಬರೂದಿಲ್ಲ. ಇಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನಾಗ ವಾರ್ಡನ್ ಕೆಲಸ ಅದ. ಜೂನ್ ಒಂದಕ್ಕ ಸಹಿ ಮಾಡಬೇಕು. ಅಲ್ಲೀತನಕ ಕಾಯ್ತೀನಿ.” ಆಮೇಲೆ ಒಂದು ಕೆಮ್ಮು. ಆಮೇಲೆ, ಟೇಪು ನಿಲ್ಲಿಸುವುದು ಹೇಗೆಂದು ನೀನು ಯಾರನ್ನೋ ಕೇಳಿದ್ದು. ಆ ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ನಾಲ್ಕು ಸಲ ಕೇಳಿದೆ.

ಉತ್ತರ ಬರೆಯಲು ಒಂದು ವಾರ ಬೇಕಾಯಿತು. ಸೋಮವಾರ ಕಾರ್ಖಾನೆಯಲ್ಲಿ ಮೇಲ್ವಿಚಾರಕ ಪ್ರಲ್ಹಾದನಿಗೆ ಕಿವಿಯ ವಿಷಯ ಮೊದಲು ಹೇಳಿದೆ, ಅಭ್ಯಾಸಕ್ಕೆಂಬಂತೆ. ಇಂಡಿ ಕಡೆಯವನು, ನಿನಗೆ ಗೊತ್ತಲ್ಲ. ಅವನು ಡಬ್ಬಿ ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ. “ಅದೇನ್ ಹೊಸಾ ಸುದ್ದಿ ಏನೋ ಅಂಬಾದಾಸ? ನಿನ್ನ ಎಡಕ್ಕ ಕುಂತು ಉಣ್ಣೂದು ನಾವೆಲ್ಲಾ ಬಿಟ್ಟು ಎರಡು ವರ್ಷ ಆತು. ನೀ ಬಾರಿಸಿದ್ದನ್ನ ಹಿಂದಿನ ಮೇಜಿನಾಗ ಇನ್ನೊಮ್ಮೆ ಬಾರಸ್ತಾರ. ನಿನಗ ಗೊತ್ತದ ಅಂತ ತಿಳ್ಕೊಂಡಿದ್ದೆ.” ಆಮೇಲೆ ನನ್ನ ಡಬ್ಬಿಯಿಂದ ಒಂದು ಉಪ್ಪಿನಕಾಯಿ ಹೋಳು ತೆಗೆದುಕೊಂಡು, “ಮನ್ಯಾಗ ವಹಿನಿಗರೆ ಹೇಳೀಯಿಲ್ಲೋ?” ಎಂದ. ನಾನು ಡಬ್ಬಿಯ ಮುಚ್ಚಳ ಹಾಕತೊಡಗಿದೆ. “ಕಿವಿ ಹೋದ್ರ ನಡೀತದ, ಬಾಯಿನೂ ಹೋಗ್ಯದೇನು ನಿನಗ” ಎಂದ. ಮುಂದಿನ ತಿಂಗಳಿನಿಂದ ನನ್ನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕುತ್ತಾರೆ.

ಎಲ್ಲರಿಗೂ ಗೊತ್ತಿದ್ದದ್ದು ನಿನಗೊಬ್ಬಳಿಗೆ ಗೊತ್ತಿರಲಿಲ್ಲ. ನೀನು ಮನೆಯಲ್ಲಿ ಯಾವಾಗಲೂ ಕೂರುತ್ತಿದ್ದದ್ದು ಅಡುಗೆಮನೆಯ ಬಾಗಿಲ ಬಳಿ, ನನ್ನ ಎಡಕ್ಕೆ. ಮೂರು ವರ್ಷ ನೀನು ಗೋಡೆಗೆ ಮಾತಾಡಿದೆ.

ಆವತ್ತಿನ ವಿಷಯ. ನಾನು ಕಿಟಕಿಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದೆ. ಬಚ್ಚಲುಮನೆ ನನ್ನ ಎಡಕ್ಕೆ. ಹೆಡ್‌ಫೋನ್ ತಲೆಯ ಮೇಲಿತ್ತು. ನೀನು ಹೇಳಿದ್ದು ನಿಜ, ಪೆಟ್ಟಿಗೆಯಲ್ಲಿ ಜೀವವಿರಲಿಲ್ಲ. ಯಾಕೆ ಹಾಕಿಕೊಂಡಿದ್ದೆ ಎಂಬುದನ್ನು ಮೇಲೆ ಬರೆದಿದ್ದೇನೆ. ನಲವತ್ತು ನಿಮಿಷದ ಮೇಲೆ ಪಕ್ಕದ ಮನೆಯ ರಂಗೂಬಾಯಿ ಕೊತ್ತಂಬರಿ ಕೇಳಲು ಬಂದವರು ನಿನ್ನನ್ನು ನೋಡಿ, ನನ್ನ ಮುಂದೆ ಬಂದು ನಿಂತು ಹೆಡ್‌ಫೋನನ್ನು ಕಿತ್ತರು. “ಬಾಯಾರು ಅಲ್ಲಿ ಕೈ ಮುರಕೊಂಡು ಬಿದ್ದಾರ, ನೀವಿಲ್ಲಿ ಭಜನಿ ಕೇಳಕೋತ ಕುಂತೀರಿ! ಮನಷಾರು ಹೌದೋ ಅಲ್ಲೋ?” ನಾನು ಆಗಲೂ ಹಾಡು ಜೋರಾಗಿತ್ತು ಎಂದೆ. ನೀನು ನೆಲದ ಮೇಲಿಂದ ನನ್ನನ್ನು ನೋಡಿದೆ. ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರು ಆರುವ ಮೊದಲೇ ನೀನು ಗುಲಬರ್ಗಾಕ್ಕೆ ಹೊರಟೆ.

ಬಚ್ಚಲು ಎಡಕ್ಕೆ. ಎಡಗಿವಿ ಇಲ್ಲ. ನಿನ್ನ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಲಾರದು ಎಂದುಕೊಳ್ಳುತ್ತೇನೆ. ಈ ವಾರ ಕಿವಿ ಪರೀಕ್ಷೆ ಮಾಡಿಸಿದೆ, ಡಾಕ್ಟರರ ಚೀಟಿಯನ್ನೂ ಜೊತೆಗಿಟ್ಟಿದ್ದೇನೆ. ಅದರಲ್ಲಿ ಕಿವಿಗೊಂದರಂತೆ ಎರಡು ಗೆರೆಗಳಿವೆ. ಕೆಳಗೆ ಇಳಿದುಹೋಗಿರುವುದು ಎಡದ್ದು.

ಬರುವುದಾದರೆ ಒಂದು ಮಾತು. ಕುರ್ಚಿಯನ್ನು ತಿರುಗಿಸಿದ್ದೇನೆ. ಈಗ ಅಡುಗೆಮನೆ, ಬಚ್ಚಲು ಎರಡೂ ನನ್ನ ಬಲಕ್ಕೆ ಬರುತ್ತವೆ. ಕಿಟಕಿ ಬೆನ್ನಿಗೆ ಬಂದದ್ದರಿಂದ ಹಾಳೆಯ ಮೇಲೆ ನನ್ನ ನೆರಳೇ ಬಿದ್ದು ಓದಲು ಬೆಳಕು ಸಾಲದು, ಅದಿರಲಿ. ಹುಸೇನಪ್ಪ ಒಂದು ಜೋಡಿ ಹಳೆಯ ಸ್ಪೀಕರ್ ನೋಡಿಟ್ಟಿದ್ದಾನೆ. ತಂದಿಲ್ಲ. ನೀನು ಬೇಡವೆನ್ನಬಹುದು.

ಕರೆಂಟ್ ಬಂತು. ಫ್ಯಾನಿನ ಗಾಳಿಗೆ ಹಾಳೆ ಹಾರುತ್ತಿದೆ. ಹಸಿರು ದೀಪ ಹತ್ತಿದೆ. ಬೆಳಿಗ್ಗೆ ಸ್ವಿಚ್ ಹಾಕಿಯೇ ಬಿಟ್ಟಿದ್ದೆನೆಂದು ಕಾಣುತ್ತದೆ. ಅಂಚೆ ಕಚೇರಿ ಮುಚ್ಚುವ ಮೊದಲು ಸ್ಪೀಡ್ ಪೋಸ್ಟ್ ಮಾಡಬೇಕು.

ಅಕ್ಕನಿಗೆ ನಮಸ್ಕಾರ ಹೇಳು. ಅಥವಾ ನಿನಗೆ ಸರಿಯೆನಿಸಿದರೆ ಮಾತ್ರ ಹೇಳು.

ನಿನ್ನ ಮಾತಿಗೆ ತಡವಾಗಿ ಬಂದವನು,
ಅಂಬಾದಾಸ

ತಾ.ಕ.: ಅಂಚೆ ಕಚೇರಿಯವರೆಗೆ ಹೋಗಿ ವಾಪಸು ಬಂದೆ. ಲಕೋಟೆ ಹರಿದು ಮತ್ತೆ ಓದಿದೆ. ಮೇಲೆ ಬರೆದದ್ದರಲ್ಲಿ ಸುಳ್ಳು ಇಲ್ಲ. ಆದರೆ ನೀನು ಕೇಳಿದ್ದು ಎಡಗಿವಿಯನ್ನಲ್ಲ, ನನ್ನನ್ನು. ಆವತ್ತು ಸೆಕೆಗೆ ಹೆಡ್‌ಫೋನಿನ ಬಲಬದಿಯನ್ನು ಕಿವಿಯಿಂದ ಸರಿಸಿಕೊಂಡಿದ್ದೆ. ನೀನು ಕರೆದದ್ದು ಕೇಳಿಸಿತು. ಒಂದೇ ಕಿವಿಯವನಿಗೆ ದಿಕ್ಕು ತಿಳಿಯುವುದಿಲ್ಲ. ಬಚ್ಚಲೋ ಬೀದಿಯೋ ಗೊತ್ತಾಗಲಿಲ್ಲ. ದನಿ ನಿನ್ನದು ಎಂಬುದು ಗೊತ್ತಾಯಿತು. ಎದ್ದರೆ ಕೇಳಿಸಿತೆಂದಾಗುತ್ತದೆ, ಎಲ್ಲಿ ಎಂದು ಹುಡುಕಿದರೆ ಕಿವುಡೆಂದಾಗುತ್ತದೆ. ಇನ್ನೊಮ್ಮೆ ಕರೆಯುತ್ತೀ, ಆಗ ಏಳೋಣ ಎಂದು ಎರಡನೆಯದಕ್ಕೆ ಕಾಯುತ್ತ ಕೂತೆ. ಆಮೇಲೆ ರಂಗೂಬಾಯಿ ಬಂದರು.