ಕುಡಿತ ಬಿಟ್ಟ ತಪ್ಪಿಗೆ ವಜಾಗೊಂಡ ನನ್ನ ಸೊಸೆ

ಮಾನ್ಯ ಕ್ರೀಡಾ ನಿರ್ದೇಶಕರೇ,

ನನ್ನ ಸೊಸೆ ಕುಡಿಯುತ್ತಿದ್ದಷ್ಟು ಕಾಲ ನಿಮ್ಮ ಮದ್ಯವಿರೋಧಿ ಅಭಿಯಾನದ ರಾಯಭಾರಿಯಾಗಿದ್ದಳು. ಈಗ ಕುಡಿತ ಬಿಟ್ಟಿದ್ದಾಳೆ; ನೀವು ಅವಳನ್ನು ತೆಗೆದುಹಾಕಿದ್ದೀರಿ. ಕಾರಣ ಕೇಳಿದರೆ ‘ಅಭಿಯಾನದ ಘನತೆಗೆ ಧಕ್ಕೆ’ ಎನ್ನುತ್ತೀರಿ. ನಾನು ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿದ್ದು ನಿವೃತ್ತಳಾದವಳು. ಕಳ್ಳರ, ಸುಳ್ಳರ, ವಕೀಲರ ವಾದಗಳನ್ನೆಲ್ಲ ಟೈಪು ಮಾಡಿದ್ದೇನೆ. ಇಂಥ ವಾದ ಮಾತ್ರ ನನ್ನ ಬೆರಳಿಗೆ ಎಂದೂ ಸಿಕ್ಕಿರಲಿಲ್ಲ.

ನನ್ನ ಸೊಸೆ ವೇಟ್‌ಲಿಫ್ಟರ್. ಚಿನ್ನ ಗೆದ್ದು ಬಂದ ದಿನ ನಿಮ್ಮವರು ಅವಳನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದುಬಿಟ್ಟರು. ಮರುದಿನ ಅವಳು ಹಾಸಿಗೆಯಿಂದ ಏಳಲಿಲ್ಲ. ಅದರ ಮರುದಿನವೂ ಇಲ್ಲ. ತನ್ನ ಮೈತೂಕದ ಎರಡರಷ್ಟನ್ನು ತಲೆಯ ಮೇಲೆತ್ತುವ ಹೆಣ್ಣುಮಗಳಿಗೆ ಹೊದಿಕೆ ಸರಿಸುವ ತ್ರಾಣ ಇರಲಿಲ್ಲ. ಗಾಬರಿಯಾಗಿ ನಾನು ನಿಮ್ಮ ಕಚೇರಿಗೆ ಓಡಿಬಂದೆ.

“ಎಲ್ಲಿ ನೋವು?” ನಿಮ್ಮ ವೈದ್ಯಾಧಿಕಾರಿ ಕೇಳಿದರು.

“ನೋವು ಅಂತ ಏನಿಲ್ಲ ಡಾಕ್ಟ್ರೇ, ಸುಮ್ನೆ ಅಳ್ತಾಳೆ.”

“ಮಂಡಿನಾ? ಸೊಂಟಾನಾ?”

“ಮನಸ್ಸು.”

“ಅದು ನಮ್ಮ ವಿಭಾಗಕ್ಕೆ ಬರಲ್ಲಮ್ಮ. ಯಾವುದಕ್ಕೂ ಐಸ್ ಇಡಿ.”

ಎಲ್ಲಿಗೆ ಇಡಬೇಕಿತ್ತು ಎಂಬುದು ಇಂದಿಗೂ ನನಗೆ ತಿಳಿದಿಲ್ಲ. ಅವಳೇ ದಾರಿ ಹುಡುಕಿಕೊಂಡಳು. ನಿದ್ದೆ ಬರಲೆಂದು ಒಂದು ಗುಟುಕು, ಎದ್ದ ಮೇಲೆ ಕೈ ನಡುಗದಿರಲೆಂದು ಇನ್ನೊಂದು. ಬರಬರುತ್ತಾ ಅಭ್ಯಾಸಕ್ಕೆ ಒಯ್ಯುವ ನೀರಿನ ಬಾಟಲಿಯಲ್ಲೂ ಅದೇ. ಮದ್ಯವಿರೋಧಿ ಅಭಿಯಾನಕ್ಕೆ ‘ಶುದ್ಧ ಮುಖ’ ಬೇಕೆಂದು ನೀವು ನಮ್ಮ ಬಾಗಿಲು ತಟ್ಟಿದ್ದು ಆಗಲೇ.

ಫೋಟೋ ತೆಗೆಯುವಾಗ ಅವಳ ಕಣ್ಣು ಕೆಂಪಾಗಿತ್ತು, ‘ಛಲ’ ಎಂದಿರಿ. ಕೈ ನಡುಗುತ್ತಿತ್ತು, ‘ಉತ್ಸಾಹ’ ಎಂದಿರಿ. ಉದ್ಘಾಟನೆಯ ವೇದಿಕೆಯಲ್ಲಿ ವಾಲಿ ನಿಮ್ಮ ಕಾಲ ಬಳಿಯೇ ಬಿದ್ದಾಗ ‘ನೋಡಿ, ಹಿರಿಯರೆಂದರೆ ಎಂಥ ವಿನಯ!’ ಎಂದು ಮೈಕಿನಲ್ಲಿ ಸಾರಿದಿರಿ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸ್ವಾಮಿ, ನಿಮಗೆ ಮೂಗು ಎಂಬ ಅಂಗವೊಂದಿದೆಯೇ, ಅಥವಾ ಅದೂ ಬೇರೆ ವಿಭಾಗಕ್ಕೆ ಸೇರಿದೆಯೇ?

ನನ್ನ ಮಗ ಸಿಟಿ ಬಸ್ಸಿನ ಚಾಲಕ. ‘ಕುಡಿತ ಬಿಡಿ, ನನ್ನಂತೆ ಬಾಳಿ’ ಎಂದು ನಗುವ ಹೆಂಡತಿಯ ಚಿತ್ರವನ್ನು ಬಸ್ಸಿನ ಬೆನ್ನಿಗೆ ಕಟ್ಟಿಕೊಂಡು ದಿನವಿಡೀ ಊರು ಸುತ್ತುತ್ತಿದ್ದ. ಒಂದು ಮಧ್ಯಾಹ್ನ ಅವನ ಬಸ್ಸು ನಿಲ್ದಾಣಕ್ಕೆ ಬಂದಾಗ ಅವಳು ಅಲ್ಲಿನ ಬೆಂಚಿನ ಮೇಲೆ ಮೈಮರೆತು ಬಿದ್ದಿದ್ದಳು.

“ಇವ್ರು ಬಸ್ಸಿನ ಹಿಂದೆ ಇರೋರಲ್ವಾ?” ಎಂದರು ಒಬ್ಬರು.

“ಛೇ, ಅವ್ರು ಕುಡಿಯಲ್ಲ ಕಣ್ರೀ. ಬರೆದಿದೆಯಲ್ಲ, ಓದಿ!” ಎಂದರು ಇನ್ನೊಬ್ಬರು.

ಮಗ ಅವಳನ್ನು ಎತ್ತಿ ಸೀಟಿನಲ್ಲಿ ಮಲಗಿಸಿ, “ನಾನು ಇವಳನ್ನ ಆಸ್ಪತ್ರೆಗೆ ಸೇರಿಸ್ಬೇಕು, ದಯವಿಟ್ಟು ಇಳ್ಕೊಳ್ಳಿ” ಎಂದ. ಒಬ್ಬರೂ ಇಳಿಯಲಿಲ್ಲ. “ನಡಿಯಪ್ಪಾ, ಬಿಟ್ಟು ಬರೋಣ” ಎಂದರು. ಇಡೀ ಬಸ್ಸೇ ಅವಳನ್ನು ವ್ಯಸನಮುಕ್ತಿ ಕೇಂದ್ರಕ್ಕೆ ತಲುಪಿಸಿತು. ನಿಮ್ಮ ಇಲಾಖೆ ಮಾಡದ ಕೆಲಸವನ್ನು ಟಿಕೆಟ್ ಕೊಂಡವರು ಮಾಡಿದರು.

ಅಲ್ಲಿನ ಗೋಡೆಯ ಮೇಲೂ ಅವಳದೇ ಪೋಸ್ಟರು. ಪಕ್ಕದ ಹಾಸಿಗೆಯ ದರ್ಜಿ ಹೆಂಗಸು ಅದನ್ನೊಮ್ಮೆ ಇವಳನ್ನೊಮ್ಮೆ ನೋಡಿ, “ನಿನ್ನ ಮಾತು ನಂಬ್ಕೊಂಡು ಇಲ್ಲಿಗೆ ಬಂದೆ ಕಣೆ. ನೀನೂ ಇಲ್ಲೇ ಇದ್ದೀಯಾ?” ಎಂದರಂತೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರಂತೆ. ಚಿನ್ನ ಗೆದ್ದ ಮೇಲೆ ಅವಳು ನಕ್ಕ ಸುದ್ದಿ ನನಗೆ ತಲುಪಿದ್ದು ಅದೇ ಮೊದಲು.

ಅಲ್ಲಿಂದಾಚೆ ಎಲ್ಲ ಸಲೀಸಾಯಿತೆಂದಲ್ಲ. ಮನೆಗೆ ಬಂದವಳು ಮತ್ತೆ ಕುಡಿದಳು. ಮತ್ತೆ ತಾನೇ ಚೀಲ ತುಂಬಿಕೊಂಡು ಕೇಂದ್ರಕ್ಕೆ ಹೋದಳು. ಔಷಧಿ ನುಂಗಿದಳು, ವೈದ್ಯರೆದುರು ಬಾಯಿಬಿಟ್ಟು ಮಾತಾಡಿದಳು. ಒಂದು ಬೆಳಿಗ್ಗೆ ಫೋನು ಮಾಡಿ, “ಅತ್ತೆ, ಇವತ್ತು ನಾನೇ ಎದ್ದು ತಲೆ ಬಾಚ್ಕೊಂಡೆ” ಎಂದಳು. ಪದಕ ಗೆದ್ದು ಮಾಡಿದ ಫೋನಿನಲ್ಲಿ ಆ ದನಿ ಇರಲಿಲ್ಲ.

ಗುಣವಾಗಿ ಬಂದ ಮೇಲೆ ನೀವೇ ಏರ್ಪಡಿಸಿದ ಕಾಲೇಜಿನ ಸಭೆಯಲ್ಲಿ ತನ್ನ ಪೋಸ್ಟರು ತೋರಿಸಿ, “ಈ ಫೋಟೋ ತೆಗೆದ ದಿನ ನಾನು ಕುಡಿದಿದ್ದೆ. ಈಗ ಕುಡಿಯಲ್ಲ. ನಿಮಗೆ ಕಷ್ಟ ಆದ್ರೆ ಯಾರಿಗಾದ್ರೂ ಹೇಳಿ” ಎಂದಳು. ಮಕ್ಕಳು ಅವಳೊಡನೆ ಮಾತಾಡಲು ಸಾಲುಗಟ್ಟಿದರು. ನೀವು ಸಂಜೆಯೊಳಗೆ ಅವಳನ್ನು ವಜಾ ಮಾಡಿ, ಒಬ್ಬ ಓಟಗಾರನನ್ನು ಹೊಸ ರಾಯಭಾರಿಯೆಂದು ಘೋಷಿಸಿದಿರಿ.

ಆ ಓಟಗಾರ ಮೊನ್ನೆ ನಮ್ಮ ಅಡುಗೆಮನೆಯಲ್ಲಿ ಕೂತಿದ್ದ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. “ಅಕ್ಕಾ, ಮಾತ್ರೆ ನುಂಗ್ದೆ ನಿದ್ದೆ ಬರಲ್ಲ. ಒಂದು ಸಾಲ್ತಿಲ್ಲ ಈಗ. ನಾಳೆ ಬೇರೆ ಪೋಸ್ಟರ್ ಫೋಟೋಗೆ ನಗ್ತಾ ನಿಲ್ಬೇಕಂತೆ” ಎಂದು ಮುಖ ಮುಚ್ಚಿಕೊಂಡ. ನನ್ನ ಸೊಸೆ ಒಲೆ ಆರಿಸಿ ಅವನ ಪಕ್ಕ ಕೂತಳು. “ನಗೋದು ಬೇಡ ಬಿಡು. ನಾಳೆ ನನ್ನ ಜೊತೆ ಬಾ” ಎಂದಳು. ಇಬ್ಬರೂ ಹೋದರು. ಅವನು ಅದೇ ಕೇಂದ್ರದಲ್ಲಿ ದಾಖಲಾಗಿದ್ದಾನೆ.

ಆದ್ದರಿಂದ ನನ್ನ ಸೊಸೆಗೆ ಆ ಪದವಿ ಮರಳಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಕೊಟ್ಟರೂ ಅವಳು ಒಲ್ಲೆನೆನ್ನುತ್ತಾಳೆ. ಮಂಡಿ ನೋಡುವ ವೈದ್ಯರ ಪಕ್ಕದ ಕೋಣೆಯಲ್ಲಿ ಮನಸ್ಸು ನೋಡುವ ವೈದ್ಯರೊಬ್ಬರನ್ನು ಕೂರಿಸಿ. ಓಟಗಾರ ಮರಳುವವರೆಗೆ ತಂಡದಲ್ಲಿ ಅವನ ಜಾಗ ಅವನಿಗಿರಲಿ. ನಿಮ್ಮ ಛಾಯಾಗ್ರಾಹಕರು ಸ್ಟುಡಿಯೋದಲ್ಲಿ ಇನ್ನೂ ಕಾಯುತ್ತಿದ್ದರೆ ದೀಪ ಆರಿಸಿಕೊಂಡು ಮನೆಗೆ ಹೋಗಲು ಹೇಳಿ. ವೈದ್ಯರ ಕಣ್ಗಾವಲಿನಲ್ಲಿ ಆ ಹುಡುಗ ಈಗ ನಿದ್ದೆ ಹೋಗಿದ್ದಾನಂತೆ. ದಯವಿಟ್ಟು ಅವನನ್ನು ಎಬ್ಬಿಸಲು ಯಾರನ್ನೂ ಕಳಿಸಬೇಡಿ.

ಇಂತಿ,
ನಿಮ್ಮ ಮಾಜಿ ರಾಯಭಾರಿಯ ಹಾಲಿ ಅತ್ತೆ