ಕತ್ತರಿಸದ ಹಾಸು

ನೇಕಾರರ ಓಣಿ, ಮೇಲಿನ ಅಟ್ಟ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿಗೆ,

ಹೇಗಿದ್ದೀಯಮ್ಮ? ಗಿರಣಿಯ ಧೂಳಿಗೆ ಕೆಮ್ಮು ಹೆಚ್ಚಿಲ್ಲ ತಾನೇ? ನನ್ನ ಮೇಲಿನ ಸಿಟ್ಟನ್ನು ಹೊಟ್ಟೆಯ ಮೇಲೆ ತೀರಿಸಿಕೊಳ್ಳಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮ ಚೆನ್ನಾಗಿದ್ದಾಳೆ. ಕಣ್ಣು ಮಾತ್ರ ಪೂರ್ತಿ ಮಂಜು. ಆದರೂ ನಾನು ಸಕ್ಕರೆ ಡಬ್ಬಿ ಮುಟ್ಟಿದರೆ ಆಚೆ ಕೋಣೆಯಿಂದಲೇ ಬಯ್ಯುತ್ತಾಳೆ.

ನಮ್ಮ ಹಿರಿಯರು ದೇಶ ಬಿಟ್ಟು ಬಂದು ಕಟ್ಟಿಕೊಂಡ ಈ ಓಣಿಯಲ್ಲಿ ಎಂಬತ್ತು ಮಗ್ಗಗಳಿದ್ದವಂತೆ, ಈಗ ನಮ್ಮದೊಂದೇ. ಬೆಳಕಿಗೆಂದು ಅವರಿಟ್ಟ ಆಳೆತ್ತರದ ಕಿಟಕಿಯಿಂದ ಬಿಸಿಲು ಇಳಿದು, ರೇಷ್ಮೆಯ ನವಿರು ಧೂಳು ಅದರಲ್ಲಿ ತೇಲುವಾಗ ನನಗೆ ಕೂತಲ್ಲೇ ಕನಸು. ಮುತ್ತಜ್ಜಿ ಹಡಗಿನಿಂದ ಇಳಿಯುತ್ತಾಳೆ. ಮಗ್ಗ ತರಲಾಗದೆ, ಅದರ ಬಾಚಣಿಗೆಯಂಥ ಹಣಿಗೆಯನ್ನು, ಹಲ್ಲುಗಳಲ್ಲಿ ಹಾಯ್ದ ಹಾಸಿನ ಉದ್ದೆಳೆಗಳ ಸಮೇತ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದಾಳೆ. ಆ ತುದಿಗಳಿಗೆ ಹೊಸ ಎಳೆಗಳನ್ನು ಬೆರಳಲ್ಲಿ ಹೊಸೆದು ಕೆಚ್ಚಿದವಳು ಅವಳು. ಆಮೇಲೆ ಅಜ್ಜಿ, ಅಮ್ಮ, ನೀನು. ಇವತ್ತಿನವರೆಗೂ ನಮ್ಮ ಹಾಸನ್ನು ಯಾರೂ ಕತ್ತರಿಸಿಲ್ಲ. ಕನಸಿನಲ್ಲಿ ಅವಳು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ, ನಿನ್ನನ್ನು ಹುಡುಕುತ್ತಾಳೆ.

ಈಗ ಹಾಸು ಗೇಣುದ್ದ ಉಳಿದಿದೆ, ಹೊಸ ಎಳೆ ಕೆಚ್ಚದಿದ್ದರೆ ಮಗ್ಗ ನಿಂತಂತೆ. ಹಳೇ ಮಗ್ಗ ಕೊಳ್ಳುವವನು ಎರಡು ಸಲ ಬಂದು, "ದಾರ ಕತ್ತರಿಸಿ ಕೊಟ್ಬಿಡಿ ಸ್ವಾಮಿ, ಹೋಟೆಲಿನ ಬಾಗಿಲಲ್ಲಿ ಅಲಂಕಾರಕ್ಕೆ ಇಡ್ತಾರೆ" ಅಂದ. ಉತ್ತರ ಕೇಳಲು ನಾಡಿದ್ದು ಬರುತ್ತಾನೆ. ಮನೆ ಬಿಟ್ಟು ಹೋದ ದಿನ ನೀನು "ನಾನೂ ನೇಯ್ತೀನಿ ಅಣ್ಣ" ಅಂದಾಗ, "ಕೆಚ್ಚೋದು ಹೆಂಗಸರ ಕೆಲಸ, ನೇಯೋದು ಗಂಡಸರದು, ಹಿಂದಿನಿಂದ ಬಂದದ್ದು" ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿದೆ. ನೀನು ಚೀಲ ಹಿಡಿದು ಮೆಟ್ಟಿಲಿಳಿದೆ. ತಡೆಯಲಿಲ್ಲ ನಾನು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯಿತು. ಎರಡು ವರ್ಷದಿಂದ ಮನೆ ಬಿಕೋ ಅನ್ನುತ್ತಿದೆ, ತಂಗಿ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ನೂಲಿಗೆ ಬಣ್ಣ ಹಾಕುವ ಕೆಳಮನೆಯ ತಾತನೂ ನಿನ್ನನ್ನು ಕೇಳಿದ. ಎಲ್ಲಿದ್ದರೂ ತಣ್ಣಗಿರು.

ನಿನ್ನ
ಒರಟು ಅಣ್ಣ

ಮರೆತಿದ್ದೆ: ಕೆಚ್ಚಿಕೊಡು ಬಾ ಎಂದು ಕರೆಯುತ್ತಿಲ್ಲ. ಅದನ್ನು ಅಮ್ಮನ ಪಕ್ಕ ಕೂತು ನಾನೇ ಕಲಿತೆ. ಎಳೆ ತಪ್ಪಿದಾಗಲೆಲ್ಲ ಅವಳು ಬೆರಳಾಡಿಸಿ ಕಂಡುಹಿಡಿದು ಬಿಚ್ಚಿಸಿದಳು. ಎರಡು ಸಾವಿರ ಎಳೆಗಳಲ್ಲಿ ಒಂಬೈನೂರು ಮುಗಿದಿವೆ. ಮಗ್ಗ ಕೊಳ್ಳುವವನಿಗೆ ಇಲ್ಲ ಅನ್ನುತ್ತೇನೆ. ನೀನು ನೇಯಲು ಬಾ. ಮಗ್ಗದ ಕಾಲುಮಣೆ ನಿನ್ನ ಕಾಲಿಗೆ ಎಟುಕಲೆಂದು ಕೂರುವ ಹಲಗೆಯನ್ನು ನಾಲ್ಕು ಬೆರಳು ತಗ್ಗಿಸಿದ್ದೇನೆ; ಅದರ ಮೇಲೆ ಇನ್ನು ನಾನು ಕೂರಲು ಆಗುವುದಿಲ್ಲ.